ಕಂಟ್ರೋಲರ್ ಸಾಹೇಬರ ಕ್ಷೌರ

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಬರೆಯಲೇಬೇಕು. ಬರೆಯದಿದ್ದರೆ ಯಾರ ಮೇಲಾದರೂ ಕೂಗಾಡುತ್ತೇನೆ. ಈ ಮನೆಯಲ್ಲಿ ಕೂಗಾಡಿದರೆ ಮೊಮ್ಮಗಳು ಹಾದಿಯಾ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಸೊಸೆ ನೌಶೀನ್ “ಅಮ್ಮಿ, ಬಿ.ಪಿ. ಮಾತ್ರೆ ತಗೊಂಡ್ರಾ?” ಎಂದು ಕೇಳುತ್ತಾಳೆ. ಆಸ್ಪತ್ರೆಯ ನರ್ಸಾಗಿದ್ದೂ ಸಿಟ್ಟಿಗೂ ಬಿ.ಪಿ.ಗೂ ಇರುವ ವ್ಯತ್ಯಾಸ ಅವಳಿಗೆ ತಿಳಿದಿಲ್ಲ.

ಬೆಳಿಗ್ಗೆ ಇವರ ಗಡ್ಡ ತೆಗೆಯಲು ಕೂತೆ. ಮಗ ಅಲೀಮ್ ತಂದುಕೊಟ್ಟ ಬ್ಯಾಟರಿ ರೇಜರ್ ಗುಂಯ್ ಎಂದದ್ದೇ ತಡ, ನನ್ನ ಮಣಿಕಟ್ಟು ಹಿಡಿದು ತಿರುಚಿದರು.

“ಯಾರು ನೀನು? ಕೊಪ್ಪಳ ಗಾಡಿ ಬಿಡೋ ಹೊತ್ತಿನಾಗ ಬಂದು ಕುತ್ತಿಗಿಗೆ ಕೈ ಹಾಕ್ತಿ?”

ಹೇಳಬೇಕಾದ್ದನ್ನು ಹೇಳಿದೆ. ಇದು ಅಮೆರಿಕದ ಅರೋರಾ. ಇದು ನಿಮ್ಮ ಮಗನ ಮನೆ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ನೀವು ಯಾವಾಗಲೋ ರಿಟೈರ್ ಆಗಿದ್ದೀರಿ. ಕೊಪ್ಪಳ ಗಾಡಿ ಇಲ್ಲಿಗೆ ಬರುವುದಿಲ್ಲ. ನಾನು ನಿಮ್ಮ ಹೆಂಡತಿ. ಪ್ರತಿಯೊಂದು ಮಾತೂ ನಿಜ. ಒಂದೊಂದು ಮಾತಿಗೂ ಹಿಡಿತ ಬಿಗಿಯಾಯಿತು.

ಸಂಜೆ ಅಲೀಮ್ ನನ್ನ ಕೈ ಊದಿದ್ದನ್ನು ನೋಡಿದ. ಬಾಗಿಲಿಗೆ ತಗುಲಿತು ಎನ್ನಬಹುದಿತ್ತು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಇದ್ದದ್ದನ್ನೇ ಹೇಳಿದೆ.

“ಅಮ್ಮಿ, ಹಿಂಗೇ ಆದ್ರೆ ಆಗಲ್ಲ. ನವೆಂಬರಲ್ಲಿ, ವಯಸ್ಸಾದವ್ರನ್ನ ಹಗಲು ನೋಡ್ಕೊಳ್ತಾರಲ್ಲ, ಆ ಡೇ ಸೆಂಟರ್‌ನವರು ಅಬ್ಬಾನ ನೋಡೋಕ್ ಬರ್ತಾರೆ. ಯಾರನ್ನೂ ಮುಟ್ಟಿಸ್ಕೊಳ್ಳಲ್ಲ, ಹೊಡೀತಾರೆ ಅಂತ ಗೊತ್ತಾದ್ರೆ ತಗೊಳ್ಳಲ್ಲ. ಆಮೇಲೆ ಓಕ್ ಬ್ರೂಕ್ ಹತ್ರದ ಆ ಪ್ಲೇಸ್ ಒಂದೇ. ನಾನು ಅಪ್ಲೈ ಮಾಡಿದೀನಿ. ಸುಮ್ನೆ, ಬ್ಯಾಕಪ್‌ಗೆ.”

ಆ ಪ್ಲೇಸನ್ನು ನಾನು ನೋಡಿದ್ದೇನೆ. ಮರೆವಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಮನೆ. ಹೂಕುಂಡಗಳಿವೆ, ಅಕ್ವೇರಿಯಂ ಇದೆ, ಬಾಗಿಲಿಗೆ ಅಂಕಿಗಳ ಬೀಗವಿದೆ. ಇವರಿಗೆ ಮನೆಮಾತು ದಖನಿ ಮರೆತುಹೋಗಿದೆ, ಇಂಗ್ಲಿಷು ಮೊದಲೇ ಅಷ್ಟಕ್ಕಷ್ಟೆ, ನಾಲಿಗೆಯ ಮೇಲೆ ಉಳಿದಿರುವುದು ಬಸ್‌ಸ್ಟ್ಯಾಂಡಿನ ಕನ್ನಡ ಮಾತ್ರ. ಮನೆಯವರೆಲ್ಲ ಇವರಿಗಾಗಿಯೇ ಕನ್ನಡಕ್ಕೆ ತಿರುಗಿದ್ದೇವೆ. ಇಲ್ಲಿ ಕನ್ನಡದಲ್ಲಿ ಮಾತಾಡುವವರು ಯಾರಿದ್ದಾರೆ ಎಂದು ಅಲ್ಲಿಯವಳನ್ನು ಕೇಳಿದ್ದಕ್ಕೆ ನಗುತ್ತಾ ಫೋನ್ ಎತ್ತಿ ತೋರಿಸಿದಳು. ಅದರಲ್ಲೊಂದು ಆ್ಯಪ್ ಇದೆಯಂತೆ.

ಆ್ಯಪಿಗೆ ಇವರು ಕೊಪ್ಪಳ ಗಾಡಿಯ ವಿಷಯ ಹೇಳಬೇಕು.

ನನ್ನ ಕೈಯಲ್ಲಿ ಜೀವ ಇರುವವರೆಗೆ ಬಿಡುವುದಿಲ್ಲ. ಊದಿದ ಕೈಯಲ್ಲೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ನಮ್ಮದೇ ಬಡಾವಣೆಯ ಕಲ್ಲಿನಾಥ, ಜಯದೇವಿ ಬಂದಿದ್ದರು. ಗದಗಿನವರು. ಬಾಲಾಜಿ ಗುಡಿಗೆ ಹೋದಾಗಲೆಲ್ಲ ಪುಳಿಯೋಗರೆಯ ಡಬ್ಬಿ ಇಲ್ಲಿ ಕೊಟ್ಟು ಹೋಗುತ್ತಾರೆ. ಇವರು ಅದನ್ನು ಮಾತ್ರ ಯಾವ ಗಲಾಟೆಯೂ ಇಲ್ಲದೆ ತಿನ್ನುತ್ತಾರೆ.

ಇವರ ಗಡ್ಡ ಈಗ ಎದೆಯತ್ತ ಇಳಿದಿದೆ, ಅದರಲ್ಲಿ ಅನ್ನದ ಅಗುಳು. ಈ ಮನುಷ್ಯ ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ಸಲೂನಿನಲ್ಲಿ ಕ್ಷೌರ ಮಾಡಿಸಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದವರು. ಗೆರೆ ಎಳೆದಂಥ ಮೀಸೆ. ಕಂಟ್ರೋಲರ್ ಸಾಹೇಬರ ಕೆನ್ನೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

“ಟೀಚರ, ಸಾಹೇಬ್ರನ್ನ ಟರ್ಕಿ ಅಂಗಡಿಗೆ ಕರ್ಕೊಂಡು ಹೋಗೂಣ್ರಿ,” ಎಂದರು ಕಲ್ಲಿನಾಥ. “ನನ್ನ ಕಿವಿ ನೋಡ್ರಿ. ಸುಟ್ಟಾನ.”

“ಸುಟ್ಟನೇ?”

“ಹತ್ತಿಗೆ ಬೆಂಕಿ ಹಚ್ಚಿ ಟಪ್ ಟಪ್ ಅಂತ ಬಡೀತಾನ್ರಿ. ಕೂದ್ಲಷ್ಟ ಸುಡ್ತದ, ಕಿವಿ ಹಂಗ ಇರ್ತದ. ಭಾಳ ಛಲೋ ಅನಸ್ತದ.”

“ನನ್ನ ಮಾತು ಕೇಳದ ಕಿವಿ,” ಎಂದರು ಜಯದೇವಿ, “ಸುಟ್ಟರೂ ಅಷ್ಟ, ಬಿಟ್ಟರೂ ಅಷ್ಟ.”

ಹಾದಿಯಾ ಫೋನ್ ತಂದು ತೋರಿಸಿದಳು. ಬಿಸಿ ಟವೆಲು, ಬುರುಗು, ಬೆಂಕಿ, ಬೆನ್ನಿಗೆ ಗುದ್ದು. ಲಕ್ಷಾಂತರ ಜನ ಕೂತು ಇದನ್ನು ನೋಡುತ್ತಾರಂತೆ. “ದಾದಿಮಾ, ಇಟ್ಸ್ ಸೋ ಸ್ಯಾಟಿಸ್ಫೈಯಿಂಗ್!”

ನನಗೆ ಮೈ ಉರಿಯಿತು. ನಮ್ಮ ಊರುಗಳಲ್ಲಿ ತಲೆ ತಟ್ಟಿ, ಕತ್ತು ತಿರುವಿ ಲಟಕ್ ಎನ್ನಿಸುತ್ತಿದ್ದ ಕ್ಷೌರಿಕರನ್ನು ಯಾರೂ ಲಕ್ಷ ಸಲ ನೋಡಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು “ಲೇ” ಎಂದು ಕರೆದರು. ಹಲ್ಲು ಕೀಳುವುದು, ಹುಣ್ಣು ಕೊಯ್ಯುವುದು, ಗಂಡುಮಕ್ಕಳ ಸುನ್ನತ್ ಎಲ್ಲವನ್ನೂ ಅವರಿಂದ ಮಾಡಿಸಿಕೊಂಡು ಊಟಕ್ಕೆ ಮಾತ್ರ ಬೇರೆ ಕೂರಿಸಿದರು. ತುರ್ಕಿಯ ಕ್ಷೌರಿಕರೂ ಒಂದು ಕಾಲದಲ್ಲಿ ಇದೇ ಕೆಲಸಗಳನ್ನೇ ಮಾಡುತ್ತಿದ್ದರೆಂದು ಓದಿದ್ದೇನೆ. ಈಗ ಅದಕ್ಕೆ ಕೆಂಪು ಬಾವುಟ, ನಿಯಾನ್ ದೀಪ. ಹೆದ್ದಾರಿಯ ಒಂದೊಂದು ಎಕ್ಸಿಟ್ಟಿಗೂ ಒಂದೊಂದು ಅಂಗಡಿ ಎದ್ದಿದೆಯಂತೆ, ಡೆಟ್ರಾಯಿಟ್ ಕಡೆ ಇನ್ನೂ ಹೆಚ್ಚಂತೆ.

ಫ್ಯಾಷನ್ನು. ನಾನು ಹೋಗುವುದಿಲ್ಲ ಎಂದೆ.

ಸೆಪ್ಟೆಂಬರ್ 20, ಶನಿವಾರ

ಹೋದೆವು. ಅಲೀಮ್‌ಗೆ ಕೆಲಸವಿತ್ತು, ಕಲ್ಲಿನಾಥ ಡ್ರೈವ್ ಮಾಡಿದರು. ಹಾಸಿಗೆ ಮಾರುವ ಅಂಗಡಿಗೂ ಮೆಕ್ಸಿಕೋದವರ ಹೋಟೆಲಿಗೂ ನಡುವೆ ಇದೆ. ಒಳಗೆ ಕಾದು ಕೂತವರಲ್ಲಿ ಎಲ್ಲ ಬಣ್ಣದವರೂ ಇದ್ದರು. ಹೆಂಗಸು ನಾನೊಬ್ಬಳೇ. ಎದ್ದು ಹೋಗು ಎಂದರೆ ಏನು ಉತ್ತರ ಕೊಡಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಯಾರೂ ಹೇಳಲಿಲ್ಲ. ಉತ್ತರ ವ್ಯರ್ಥವಾಯಿತು.

ಅಂಗಡಿಯವನ ಹೆಸರು ರೆಜೆಪ್. ತುರ್ಕಿಯ ಮಲಾತ್ಯಾ ಎಂಬ ಊರಿನವನು. ದಪ್ಪ ಮೀಸೆ, ಸಣ್ಣ ಕಣ್ಣು. ಮೊದಲು ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸಿನಲ್ಲಿ ಸೋದರಮಾವನ ಅಂಗಡಿಯಲ್ಲಿದ್ದನಂತೆ. ಅವನ ಇಂಗ್ಲಿಷು ನನ್ನದಕ್ಕಿಂತ ಕಡಿಮೆ, ಹಾಗಾಗಿ ಮಾತು ಸಲೀಸಾಗಿ ಸಾಗಿತು.

ಒಳಗೆ ಬಂದವರಿಗೆಲ್ಲ ಅವನು ಮೊದಲು ಮಾಡುವ ಕೆಲಸವೊಂದಿದೆ. ಉದ್ದ ಕತ್ತಿನ ಗಾಜಿನ ಬಾಟಲಿ ತಂದು ಅಂಗೈಗೆ ನಿಂಬೆಯ ಕಲೋನು ಎಂಬ ಸುಗಂಧದ ನೀರು ಸುರಿಯುತ್ತಾನೆ. ಅವರ ದೇಶದಲ್ಲಿ ಮನೆಗೆ ಬಂದ ಅತಿಥಿಗೂ ಹೀಗೆಯೇ, ಬಸ್ಸಿನ ಪ್ರಯಾಣಿಕರಿಗೂ ಹೀಗೆಯೇ. ನನ್ನ ಮುಂದೆ ಬಂದಾಗ ಕೈ ಹಿಂದಕ್ಕೆಳೆದುಕೊಂಡೆ. ಅದರಲ್ಲಿ ಮದ್ಯಸಾರವಿದೆ. ನಾನು ನಮಾಜು ಮಾಡುವವಳು. “ನನ್ನ ತಾಯಿ ಹಜ್ ಮಾಡಿ ಬಂದವರು, ಅವರ ಕೈಚೀಲದಲ್ಲೂ ಇದು ಇರುತ್ತದೆ,” ಎಂದ. ಅದು ಅವರ ತಾಯಿಯ ಲೆಕ್ಕ ಎಂದೆ.

ಇವರ ಮುಂದೆ ಬಂದಾಗ ನಾನು ಎದ್ದು ನಿಂತೆ. ಹೊಡೆಯುತ್ತಾರೆ ಎಂದು ಕೂಗುವುದರಲ್ಲಿದ್ದೆ. ಇವರು ನೋಡಿದರು. ಬಾಟಲಿ ಬಾಗುವುದನ್ನು ಕಂಡರು. ಎಡಗೈಯ ಮೇಲೆ ಬಲಗೈ ಇಟ್ಟು, ಅಂಗೈಯನ್ನು ಬಟ್ಟಲು ಮಾಡಿ, ತಲೆ ತುಸು ಬಗ್ಗಿಸಿ ಮುಂದೆ ಚಾಚಿದರು.

ನನಗೆ ಗೊತ್ತಾಯಿತು. ಆಯುಧಪೂಜೆಯ ದಿನ ಡಿಪೋದಲ್ಲಿ ಬಸ್ಸುಗಳ ಪೂಜೆ ಮುಗಿದ ಮೇಲೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ತೀರ್ಥಕ್ಕೆ ಕೈಯೊಡ್ಡುತ್ತಿದ್ದದ್ದು ಹೀಗೆಯೇ. ಮೆಕ್ಕೆಯಿಂದ ಬಂದವರು ಜಮ್‌ಜಮ್ ನೀರು ಕೊಟ್ಟಾಗಲೂ ಹೀಗೆಯೇ. ಅಂಗೈಗೆ ಬಿದ್ದದ್ದನ್ನು ಕುಡಿಯಬೇಕು, ಉಳಿದದ್ದನ್ನು ತಲೆಗೆ ಸವರಿಕೊಳ್ಳಬೇಕು, ಅಷ್ಟೇ ಇವರಿಗೆ ಗೊತ್ತಿರುವುದು.

“ಅಯ್ಯೋ, ಕುಡಿಯಾಕ್ ಹತ್ಯಾರ!” ಎಂದು ಕಲ್ಲಿನಾಥ ಕೂಗಿದರು.

ಕೈ ಬಾಯಿಗೆ ಮುಟ್ಟುವಷ್ಟರಲ್ಲಿ ರೆಜೆಪ್ ಆ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಬಿಟ್ಟ. ಎಳೆಯಲಿಲ್ಲ, ಒತ್ತಲಿಲ್ಲ. ಹಾಗೇ ಉಜ್ಜಿದ. ಉಜ್ಜುತ್ತಾ ಆ ಕೈಗಳನ್ನೇ ಇವರ ಕೆನ್ನೆಗೆ, ಕತ್ತಿಗೆ ಒಯ್ದ. ಇವರು ಕಣ್ಣು ಮುಚ್ಚಿದರು. “ಆಹಾ,” ಎಂದರು.

ರಂಜಾನ್ ಕಳೆದಾಗಿನಿಂದ ಈ ಮನುಷ್ಯನನ್ನು ಹೊಡೆಸಿಕೊಳ್ಳದೆ ಮುಟ್ಟಿದವರು ಯಾರೂ ಇರಲಿಲ್ಲ.

ಕ್ಷೌರ ಬೇಡ, ಇವತ್ತು ಚಹಾ ಸಾಕು, ಮುಂದಿನ ವಾರ ಬನ್ನಿ ಎಂದ ರೆಜೆಪ್. ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಹಾಲಿಲ್ಲದ್ದಕ್ಕೆ ಚಹಾ ಎನ್ನಬಾರದು.

ಸೆಪ್ಟೆಂಬರ್ 27, ಶನಿವಾರ

ಅರ್ಧ ಗಡ್ಡದೊಂದಿಗೆ ವಾಪಸು ಬಂದೆವು.

ಎಲ್ಲ ಸರಿಯಾಗಿಯೇ ನಡೆದಿತ್ತು. ಕಲೋನು, ಬಿಸಿ ಟವೆಲು, ಕುಂಚದಿಂದ ಬುರುಗು. ಕತ್ತರಿಯಲ್ಲಿ ಉದ್ದ ಗಡ್ಡ ಇಳಿಸಿ, ಬಲಗೆನ್ನೆಯನ್ನು ಕತ್ತಿಯಿಂದ ಬೋಳಿಸಿಯೂ ಆಗಿತ್ತು. ಅಷ್ಟರಲ್ಲಿ ಇವರು ಕಣ್ಣು ಬಿಟ್ಟು, “ಕೊಪ್ಪಳ ಗಾಡಿ ಬಂತೇನು?” ಎಂದರು. ಇವರ ಕೆಲಸ ಏನಾಗಿತ್ತು, ಏನು ಕೇಳುತ್ತಿರುತ್ತಾರೆ ಎಂದು ಕಲ್ಲಿನಾಥ ಹೋದ ವಾರವೇ ರೆಜೆಪ್‌ಗೆ ವಿವರಿಸಿದ್ದರು. ಅವನು ಕೈ ನಿಲ್ಲಿಸದೆ, “ಬಸ್ ಲೇಟ್,” ಎಂದ.

“ಲೇಟಾ? ಎಷ್ಟು ಲೇಟು?”

“ಟೆನ್ ಮಿನಿಟ್. ಶೇವ್ ಫಸ್ಟ್.”

“ಹಂಗಾರ ಮಾಡು,” ಎಂದು ಇವರು ಮತ್ತೆ ತಲೆ ಒರಗಿಸಿದರು.

ನಾನು ಸುಮ್ಮನಿರಲಿಲ್ಲ. ಕಾಯಿಲೆಯವರಿಗೆ ಸುಳ್ಳು ಹೇಳುವುದು ಕುರುಡನಿಗೆ ದಾರಿ ತಪ್ಪಿಸಿದಂತೆ. ಎದ್ದು ಹೋಗಿ, “ಯಾವ ಬಸ್ಸೂ ಇಲ್ಲ, ಲೇಟೂ ಇಲ್ಲ, ಇದು ಅಮೆರಿಕ,” ಎಂದು ಸ್ಪಷ್ಟವಾಗಿ ತಿಳಿಸಿದೆ. ಇವರು ಹೌಹಾರಿ ಎದ್ದರು, ಕೊರಳಿಗೆ ಸುತ್ತಿದ ಬಟ್ಟೆ ಕಿತ್ತೆಸೆದರು, ಬಾಗಿಲ ಕಡೆ ನಡೆದೇಬಿಟ್ಟರು. ಕತ್ತಿ ಹಿಡಿದ ಕೈಯನ್ನು ರೆಜೆಪ್ ಮೇಲೆತ್ತಿದ್ದರಿಂದ ಗಾಯವಾಗಲಿಲ್ಲ.

ಅವನ ಸುಳ್ಳಿನಿಂದ ಇಷ್ಟೆಲ್ಲ ಆಯಿತು. ಹಾಗೆಂದು ಅವನ ಮುಖಕ್ಕೇ ಹೇಳಿದೆ. ಅವನು ನನಗೊಂದು ಲೋಟ ಚಹಾ ತಂದುಕೊಟ್ಟ. ಸಿಟ್ಟಿನಲ್ಲಿ ಕುಡಿದೆ.

ಅಲೀಮ್ ಅಪ್ಪನನ್ನು ನೋಡಿ ನಕ್ಕುಬಿಟ್ಟ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಕಣ್ಣು ಕೆಂಪಗಿತ್ತು.

ಅಕ್ಟೋಬರ್ 7, ಮಂಗಳವಾರ

ಸ್ನಾನ ಮಾಡಿಸಲು ಹೋಗಿ ಹೊಡೆಸಿಕೊಂಡೆ. ಓಕ್ ಬ್ರೂಕ್‌ನವರು ಫೋನ್ ಮಾಡಿದ್ದರಂತೆ, ಒಂದು ರೂಮು ಖಾಲಿಯಾಗಿದೆಯಂತೆ. ಖಾಲಿ ಹೇಗಾಯಿತು ಎಂದು ಕೇಳಿದೆ. ಅಲೀಮ್ ಫೋನ್ ಜೇಬಿಗೆ ಹಾಕಿಕೊಂಡ.

ಕನ್ನಡ ಕೂಟದ ರಾಜ್ಯೋತ್ಸವದ ಆಹ್ವಾನವೂ ಬಂದಿದೆ. ಹೋದ ವರ್ಷ ಅಲ್ಲಿ ಒಬ್ಬಾಕೆ ನನ್ನ ಕೈ ಹಿಡಿದು, “ನೀವು ಮುಸ್ಲಿಮ್ಸ್ ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!” ಎಂದಿದ್ದಳು. ಹೊಸಪೇಟೆಯ ಅರ್ಧ ಊರಿಗೆ ಕನ್ನಡ ಕಲಿಸಿದವಳು ನಾನು. ವರ್ಗವಾಗಿ ಬಂದ ಪ್ರತಿಯೊಬ್ಬ ಹೆಡ್‌ಮಾಸ್ತರೂ ಇದೇ ಮಾತು ಹೇಳಿದ್ದಾರೆ. ಒಬ್ಬೊಬ್ಬರ ಹೆಸರೂ ನೆನಪಿದೆ.

ಇವರಿಗೆ ಏನೂ ನೆನಪಿಲ್ಲ, ನನಗೆ ಏನೂ ಮರೆಯುವುದಿಲ್ಲ. ದೇವರು ಹಂಚುವಾಗ ಸ್ವಲ್ಪ ನೋಡಿ ಹಂಚಬೇಕಿತ್ತು.

ಅಕ್ಟೋಬರ್ 11, ಶನಿವಾರ

ಆಯಿತು! ಪೂರ್ತಿ ಆಯಿತು.

ನನಗೆ ಮೂರು ದಿನದಿಂದ ಶೀತ, ಗಂಟಲು ಕಟ್ಟಿ ಧ್ವನಿಯೇ ಇಲ್ಲ. ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದೆ. ಇವರು ಕುರ್ಚಿಯಲ್ಲಿ ಕೂತು ಕೊಪ್ಪಳ ಗಾಡಿ ಕೇಳಿದರು, ಲೇಟ್ ಎಂದ. ಕುಷ್ಟಗಿ ಗಾಡಿ ಕೇಳಿದರು, ಅದೂ ಲೇಟ್ ಎಂದ. “ಏನು ಡಿಪೋ ಮಾರಾಯ, ಎಲ್ಲಾ ಲೇಟು!” ಎಂದು ಇವರು ಬೈದರು. ರೆಜೆಪ್ ಬಹಳ ನೊಂದುಕೊಂಡವನಂತೆ ತಲೆಯಾಡಿಸಿದ. ಬೈಸಿಕೊಳ್ಳುತ್ತಲೇ ಎಡಗೆನ್ನೆ ಮುಗಿಸಿದ.

ರೆಜೆಪ್ ಅವರ ಕೆಲಸದ ಕ್ರಮ ನೋಡಬೇಕು. ಕತ್ತಿ ಹಿಡಿದ ಕೈಗಿಂತ ಇನ್ನೊಂದು ಕೈಯ ಕೆಲಸವೇ ಹೆಚ್ಚು. ಚರ್ಮವನ್ನು ಹಿಗ್ಗಿಸಿ ಹಿಡಿಯುವುದು, ಒಂದು ಗೀಟು ಎಳೆದ ಕಡೆ ಅಂಗೈಯಿಂದ ಸವರಿ ನೋಡುವುದು. ಕಣ್ಣಿಗಿಂತ ಅಂಗೈಯನ್ನೇ ನಂಬುತ್ತಾರೆ. ಕಲಿಯುವಾಗ ಊದಿದ ಬಲೂನಿಗೆ ಸಾಬೂನು ಹಚ್ಚಿ ಬೋಳಿಸುತ್ತಿದ್ದರಂತೆ. “ಎಷ್ಟು ಒಡೆದವು?” ಎಂದು ಪಿಸುಗುಟ್ಟಿದೆ. “ಬಲೂನಿನ ಅಂಗಡಿಯವನು ನನ್ನ ದುಡ್ಡಿನಲ್ಲಿ ಮನೆ ಕಟ್ಟಿಸಿದ,” ಎಂದರು.

ಕೆನ್ನೆಯ ಮೇಲಿನ ನವಿರು ಕೂದಲನ್ನು ದಾರದಿಂದ ಕಿತ್ತರು. ಆಮೇಲೆ ಬೆಂಕಿ. ಕಡ್ಡಿಯ ತುದಿಯ ಹತ್ತಿ ಭಗ್ ಎಂದಾಗ ಕಿರುಚಲು ಹೋದೆ, ಗಂಟಲಿಂದ ಗಾಳಿ ಮಾತ್ರ ಬಂತು. ಕಿವಿಗೆ ಟಪ್ ಟಪ್ ಎಂದು ತಾಕಿಸಿ ತೆಗೆದರು. ಇವರು ಕಚಗುಳಿ ಇಟ್ಟಂತೆ ನಕ್ಕರು. ತಲೆ ತೊಳೆದು, ಭುಜ ಹಿಸುಕಿ, ಕೊನೆಗೆ ಮೀಸೆ. ಹೊಸಪೇಟೆಯಲ್ಲಿ ತೆಗೆದ ಇವರ ಹಳೆಯ ಫೋಟೋ ಒಂದನ್ನು ಹೋದ ವಾರ ಕಲ್ಲಿನಾಥ ಕಳಿಸಿದ್ದರಂತೆ. ಅದರಂತೆಯೇ ಗೆರೆ ಬಂತು.

ಟವೆಲು ತೆಗೆದಾಗ ನಮ್ಮ ಕಂಟ್ರೋಲರ್ ಸಾಹೇಬರು ಕೂತಿದ್ದರು.

“ಸಿಹ್ಹತ್‌ಲೆರ್ ಓಲ್ಸುನ್,” ಎಂದರು ರೆಜೆಪ್. ಕ್ಷೌರವೋ ಸ್ನಾನವೋ ಮುಗಿದಾಗ ಅವರಲ್ಲಿ ಹೀಗೆ ಹಾರೈಸುತ್ತಾರೆ. ಆರೋಗ್ಯವಾಗಿರಲಿ ಎಂದು. ಅಂಗಡಿಯಲ್ಲಿದ್ದ ಇನ್ನಿಬ್ಬರೂ ಹೇಳಿದರು. ನಮ್ಮ ಕಡೆ ಕ್ಷೌರ ಮಾಡಿಸಿಕೊಂಡು ಬಂದವರಿಗೆ ನಾವು ಹೇಳುತ್ತಿದ್ದದ್ದು, ಏನನ್ನೂ ಮುಟ್ಟಬೇಡ, ಹಿತ್ತಿಲಿಂದ ಬಾ ಎಂದು.

ಇವತ್ತು ಸರಿಹೋದದ್ದು ಸಾಬೂನು ಬದಲಿಸಿದ್ದರಿಂದ ಇರಬೇಕು. ಯಾವುದೆಂದು ಕೇಳಿ ಬರೆದುಕೊಂಡಿದ್ದೇನೆ.

ಅಕ್ಟೋಬರ್ 19, ಭಾನುವಾರ

ಆ ಸಾಬೂನು ಸಿಗಲಿಲ್ಲ. ಕಲೋನಿನ ಬಾಟಲಿಯೊಂದನ್ನು ರೆಜೆಪ್ ಕೊಟ್ಟಿದ್ದರು. ಸ್ನಾನಕ್ಕೆ ಮೊದಲು ಇವರ ಅಂಗೈಗೆ ಸುರಿದೆ, ಕುಡಿಯುವ ಮೊದಲು ಕೈ ಹಿಡಿದು ಉಜ್ಜಿದೆ. ಕೈ ಹಿಡಿದೇ ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಗಾಡಿ ಕೇಳಿದರು. ಲೇಟು ಎಂದೆ. ಗಂಟಲು ಇನ್ನೂ ಸರಿಯಾಗಿಲ್ಲ, ಉದ್ದ ವಿವರಣೆಗೆ ತ್ರಾಣವಿರಲಿಲ್ಲ. ಅದಕ್ಕೇ.

ಸ್ನಾನ ಆಯಿತು.

ಅಕ್ಟೋಬರ್ 24, ಶುಕ್ರವಾರ

ಮತ್ತೆ ಸ್ನಾನ. ಉಗುರು ಕೂಡ. ಕುಷ್ಟಗಿ ಗಾಡಿ ಪಂಕ್ಚರ್ ಎಂದೆ. ಎರಡೂ ಕಾಲಿನ ಉಗುರಿಗೆ ಸಾಲುವಷ್ಟು ಹೊತ್ತು ಸಿಕ್ಕಿತು.

ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನೌಶೀನ್ ಏಕೋ ನನ್ನನ್ನೇ ನೋಡುತ್ತಾಳೆ. “ಅಮ್ಮಿ, ಬಾತ್‌ರೂಮಲ್ಲಿ ಹಾಡ್ತಿದ್ರಾ?” ಎಂದಳು. ಇಲ್ಲ ಎಂದೆ. ನಾನೇಕೆ ಹಾಡಲಿ.

ನವೆಂಬರ್ 1, ಶನಿವಾರ

ಸಂಜೆ ರಾಜ್ಯೋತ್ಸವಕ್ಕೆ ಹೋಗಿ ಆ ಹೆಂಗಸಿಗೆ ಒಂದೆರಡು ಮಾತು ಹೇಳಬೇಕೆಂದು ಇಳಕಲ್ ಸೀರೆ ಉಟ್ಟೇ ಹೊರಟಿದ್ದೆ. ಮೊದಲು ಕ್ಷೌರ.

ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಪೋಲೆಂಡ್ ಮೂಲದ ಹುಡುಗನಿಗೆ ಇವತ್ತು ಮದುವೆ. ತುರ್ಕಿಯವರಲ್ಲಿ ಮದುಮಗನ ಕ್ಷೌರವೆಂದರೆ ಅದೇ ಒಂದು ಹಬ್ಬ. ಗೆಳೆಯರು ಸುತ್ತ ನಿಂತು ಡೋಲು ಬಡಿಯಬೇಕು, ಕುಣಿಯಬೇಕು, ಮಿಠಾಯಿ ಹಂಚಬೇಕು. ಈ ಹುಡುಗ ಅದನ್ನು ಫೋನಿನಲ್ಲಿ ನೋಡಿ ತನಗೂ ಹಾಗೇ ಬೇಕೆಂದು ಕೇಳಿದನಂತೆ. ಬೇರೆಯವರ ಪದ್ಧತಿಯನ್ನು ಬಾಡಿಗೆ ಸೂಟಿನಂತೆ ತೊಟ್ಟುಕೊಳ್ಳುವುದು ಎಂದು ಕಲ್ಲಿನಾಥರಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಡೋಲು ಶುರುವಾಯಿತು, ಕಲ್ಲಿನಾಥ ನನ್ನ ಪಕ್ಕ ಇರಲಿಲ್ಲ. ಕುಣಿಯುವವರ ನಡುವೆ ಇದ್ದರು.

ಇವರಿಗೆ ಗಾಬರಿಯಾಗುತ್ತದೆ, ಹಿಂದಿರುಗಿ ಹೋಗೋಣ ಎಂದುಕೊಂಡೆ. ಇವರು ಆಗಲೇ ಮದುಮಗನ ಪಕ್ಕದ ಕುರ್ಚಿಯಲ್ಲಿ ಕೂತು ಕಲೋನಿಗೆ ಕೈಯೊಡ್ಡಿದ್ದರು. ರೆಜೆಪ್ ಆ ಹುಡುಗನಿಗೆ ಒಂದು ಗೀಟು, ಇವರಿಗೆ ಒಂದು ಗೀಟು ಎಂಬಂತೆ ಇಬ್ಬರದ್ದನ್ನೂ ನಡೆಸಿದರು. ಹುಡುಗನ ಭುಜಕ್ಕೆ ಕೆಂಪು ಟವೆಲು ಹೊದಿಸಿದರು, ಇವರಿಗೂ ಹೊದಿಸಿದರು. ಗೆಳೆಯರು ಇಬ್ಬರಿಗೂ ಚಪ್ಪಾಳೆ ತಟ್ಟಿದರು. ನನ್ನ ಕೈಗೂ ಕಲೋನು ಬಿತ್ತು, ಬಾಯಿಗೆ ಗುಲಾಬಿಯ ಮಿಠಾಯಿ.

ಕ್ಷೌರ ಮುಗಿಸಿ ಇವರು ಕನ್ನಡಿಯಲ್ಲಿ ತಮ್ಮನ್ನು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡಿದರು. ಕೈಸನ್ನೆ ಮಾಡಿ ಕರೆದರು.

“ಅಕ್ಕಾರೆ, ನೀವು ಹುಡುಗಿ ಕಡೇರೇನು?”

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಲ್ಲಿ ಮಿಠಾಯಿ ಇತ್ತು. ನುಂಗುವಷ್ಟರಲ್ಲಿ ಅವರೇ ಬಗ್ಗಿ, ಡೋಲಿನ ಸದ್ದಿನಲ್ಲಿ ಬೇರೆಯವರಿಗೆ ಕೇಳದಂತೆ ಹೇಳಿದರು.

“ಹುಡುಗಿ ಟೀಚರಂತ. ಭಾಳ ಓದ್ಯಾಳಂತ. ಬಾಯಿ ತೆಗೆದ್ರ ತಪ್ಪು ಹಿಡೀತಾಳಂತ. ನಾ ಬರೇ ಎಸ್ಸೆಸ್ಸೆಲ್ಸಿ. ನನಗ ಅಂಜಿಕಿ ಬರ್ತೈತಿ ಅಕ್ಕಾರೆ.”

ನಿಕಾಹ್ ಆಗಿ ಇಷ್ಟು ಕಾಲವಾಯಿತು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

“ಹೌದು, ಹುಡುಗಿ ಕಡೆಯವಳೇ,” ಎಂದೆ. “ಅವಳಿಗೂ ಅಂಜಿಕೆ ಇದೆ. ಮೇಲೆ ತೋರಿಸಲ್ಲ, ಅಷ್ಟೆ. ಅಂಜಿಕೆ ಆದಾಗೆಲ್ಲ ತಪ್ಪು ಹಿಡೀತಾಳೆ.”

“ಹಂಗೇನು?” ಎಂದು ಯೋಚಿಸಿದರು. “ಪಾಪ.”

ಮತ್ತೆ ಕನ್ನಡಿ ನೋಡಿಕೊಂಡರು. “ನಾ ಛಲೋ ಕಾಣ್ತೀನಾ?”

“ಕಾಣ್ತೀರಿ.”

“ಖರೆ?”

“ಖರೆ. ನಾನು ಸುಳ್ಳು ಹೇಳೋಳಲ್ಲ.”

ರಾಜ್ಯೋತ್ಸವಕ್ಕೆ ಹೋಗಲಿಲ್ಲ. ಇವರು ಮನೆಗೆ ಬಂದೂ ಕೆಂಪು ಟವೆಲು ತೆಗೆಯಲು ಬಿಡಲಿಲ್ಲ, ಅದನ್ನು ಹೊದ್ದೇ ಊಟಕ್ಕೆ ಕೂತರು. ಹಾದಿಯಾ ನಮ್ಮಿಬ್ಬರ ಫೋಟೋ ತೆಗೆದಳು. ನನ್ನ ಸೆರಗು ಸರಿಯಿಲ್ಲ, ಮಿಠಾಯಿಯ ಸಕ್ಕರೆ ಗಲ್ಲಕ್ಕೆ ಮೆತ್ತಿದೆ. ಇರಲಿ.

ನವೆಂಬರ್ 6, ಗುರುವಾರ

ಡೇ ಸೆಂಟರ್‌ನಿಂದ ಒಬ್ಬ ಹೆಂಗಸು ಬಂದಿದ್ದಳು. ಎತ್ತರದ ಕರಿಯ ಹೆಂಗಸು, ನಿಧಾನ ಮಾತು. ಅಲೀಮ್ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಗಲೂ ಅವನು ಹೀಗೆಯೇ ನಿಲ್ಲುತ್ತಿದ್ದ. ಓಕ್ ಬ್ರೂಕ್‌ನವರಿಗೆ ನಾಳೆಯೊಳಗೆ ಉತ್ತರ ಹೇಳಬೇಕು.

ಅವಳು ರಕ್ತದೊತ್ತಡದ ಪಟ್ಟಿ ಹಿಡಿದು ಹತ್ತಿರ ಬಂದಳು. ಇವರ ಮುಷ್ಟಿ ಬಿಗಿಯಾಯಿತು. “ಒಂದು ನಿಮಿಷ,” ಎಂದು ಬಾಟಲಿ ತಂದೆ. ಮೊದಲು ಅವಳ ಅಂಗೈಗೆ ಸುರಿದೆ. ಅವಳು ಏನು ಎತ್ತ ಎನ್ನದೆ ಕೈಯೊಡ್ಡಿದಳು. ಆಮೇಲೆ ನನಗೆ, ಆಮೇಲೆ ಇವರಿಗೆ. ಮುಷ್ಟಿ ಬಿಚ್ಚಿ ಬಟ್ಟಲಾಯಿತು. ಆ ಕೈಗಳನ್ನು ನಾನು ಉಜ್ಜಿ, ಹಾಗೇ ಅವಳ ಕೈಗೆ ದಾಟಿಸಿದೆ.

ಇವರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ಪಾಸ್ ಐತೇನು?” ಎಂದರು.

“ಏನಂತೆ?” ಎಂದಳು ಇಂಗ್ಲಿಷಿನಲ್ಲಿ.

ಅಲೀಮ್ ಬಾಯಿ ತೆರೆದ. “ಆ್ಯಕ್ಚುಲಿ, ಅವರಿಗೆ ಏನನ್ಸುತ್ತೆ ಅಂದ್ರೆ…” ಎಂದು ಕಾಯಿಲೆಯ ವಿವರಣೆಗೆ ಇಳಿಯುವುದರಲ್ಲಿದ್ದ. “ನೀನು ಸುಮ್ನಿರು,” ಎಂದು, ಅವಳ ಕೊರಳಿನ ಗುರುತಿನ ಚೀಟಿ ತೋರಿಸುವಂತೆ ಸನ್ನೆ ಮಾಡಿದೆ. ತೋರಿಸಿದಳು. ಇವರು ಕಣ್ಣು ಕಿರಿದು ಮಾಡಿ ಎರಡೂ ಕಡೆ ಪರಿಶೀಲಿಸಿದರು.

“ಐತಿ. ಕೂಡ್ರಿ. ಗಾಡಿ ಲೇಟ್ ಐತಿ,” ಎಂದು ಅವಳಿಗೇ ಸಮಾಧಾನ ಹೇಳಿ ತೋಳು ಮುಂದೆ ಚಾಚಿದರು.

ಪಟ್ಟಿ ಕಟ್ಟಿದಳು, ಎದೆ ಪರೀಕ್ಷಿಸಿದಳು, ಷೂ ಬಿಚ್ಚಿ ಪಾದ ನೋಡಿದಳು. ಉಗುರು ಯಾರು ತೆಗೆದದ್ದು ಎಂದಳು. ನಾನು ಎಂದೆ. ಕ್ಷೌರ? ರೆಜೆಪ್ ಉಸ್ತಾದರು ಎಂದೆ. ವಾರಕ್ಕೆ ಮೂರು ದಿನ, ವ್ಯಾನು ಮನೆಗೇ ಬರುತ್ತದೆ ಎಂದು ಹೇಳಿ, ಬಾಟಲಿಯನ್ನೂ ಜೊತೆಗೆ ಕಳಿಸಿ ಎಂದಳು.

ಹೊರಡುವಾಗ ನಿಮಗೆ ನಿದ್ದೆ ಹೇಗಿದೆ ಎಂದು ನನ್ನನ್ನೇ ಕೇಳಿದಳು. ಬಂದಿರುವುದು ಇವರನ್ನು ನೋಡಲು, ನನ್ನ ನಿದ್ದೆ ಪ್ರಶ್ನೆಯಲ್ಲ ಎಂದೆ. ಅವಳು ಹೋಗಲಿಲ್ಲ, ಕಾದಳು. ಆಮೇಲೆ ಹೇಳಿದೆ. ಸ್ವಲ್ಪ ಹೆಚ್ಚೇ ಹೇಳಿದೆ ಎಂದು ಕಾಣುತ್ತದೆ. ಅಲೀಮ್ ಬಂದು ನನ್ನ ಕುರ್ಚಿಯ ಹಿಂದೆ ನಿಂತುಕೊಂಡ.

ಸಂಜೆ ಅವನು ಓಕ್ ಬ್ರೂಕ್‌ಗೆ ಫೋನ್ ಮಾಡಿ ಬೇಡ ಎಂದ. ಅವನ ಇಂಗ್ಲಿಷು ಅಷ್ಟು ಚೆನ್ನಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ.

ನವೆಂಬರ್ 17, ಸೋಮವಾರ

ವ್ಯಾನು ತಡವಾಗಿ ಬಂತು. ಹಿಮ ಸಣ್ಣಗೆ ಬೀಳುತ್ತಿತ್ತು. ದೂರು ಬರೆಯಬೇಕೆಂದುಕೊಂಡವಳು ಆಮೇಲೆ ಮರೆತೆ.

ಇವರು ಬೆಳಿಗ್ಗೆಯಿಂದಲೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊನ್ನೆ ಶನಿವಾರದ ಕ್ಷೌರ, ಮುಖ ಮಿರುಗುತ್ತಿತ್ತು. ಅಂಗೈಗೆ ಕಲೋನು ಹಾಕಿ ಉಜ್ಜಿ, ಬಾಟಲಿಯನ್ನು ಚೀಲದಲ್ಲಿಟ್ಟೆ. ವ್ಯಾನಿನ ಬಾಗಿಲು ತೆರೆಯಿತು. ಒಳಗೆ ಮೂವರು ಮುದುಕರು ಕೂತಿದ್ದರು. ಇವರು ಹತ್ತಲಿಲ್ಲ. ಮೆಟ್ಟಿಲ ಬಳಿ ನಿಂತು ಒಳಗಿನವರನ್ನೊಮ್ಮೆ ಎಣಿಸಿದರು, ಮುಂದಿನ ಟೈರಿಗೆ ಕಾಲಿನಿಂದ ತಟ್ಟಿ ನೋಡಿದರು.

“ಎಲ್ಲಿಗೆ ಗಾಡಿ?” ಎಂದರು.

ಡ್ರೈವರ್ ಹುಡುಗಿ ನನ್ನನ್ನು ನೋಡಿದಳು.

“ಕೊಪ್ಪಳ,” ಎಂದೆ. “ಬಂತು ನೋಡಿ ಕೊನೆಗೂ.”

“ಬಂತಲ್ಲ!” ಎಂದರು. ಮುಖ ಹೇಗಾಯಿತೆಂದರೆ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಹತ್ತಿದರು. ಕಿಟಕಿ ಪಕ್ಕದ ಸೀಟು ಹಿಡಿದು, ಬೆಲ್ಟು ಕಟ್ಟುವವಳಿಗೆ ಕೈ ಎತ್ತಿ ಅನುಕೂಲ ಮಾಡಿಕೊಟ್ಟರು. ಆಮೇಲೆ ಹೊರಗೆ ಹಿಮದಲ್ಲಿ ನಿಂತ ನನ್ನನ್ನು ಕಂಡರು. ಸ್ಟ್ಯಾಂಡಿನಲ್ಲಿ ಉಳಿದ ಪ್ರಯಾಣಿಕರನ್ನು ನೋಡುತ್ತಿದ್ದ ಹಾಗೆ ನೋಡಿದರು.

“ಗಾಬರಿ ಆಗಬ್ಯಾಡ್ರಿ ಅಕ್ಕಾರೆ. ನಿಮ್ಮ ಗಾಡಿ ಹಿಂದ ಐತಿ.”

“ಆಗಲಿ,” ಎಂದೆ. “ಕಾಯ್ತೀನಿ.”

ಬಾಗಿಲು ಮುಚ್ಚಿತು. ಡ್ರೈವರ್ ಹುಡುಗಿ ಹೊರಡಬಹುದೇ ಎಂಬಂತೆ ಇನ್ನೂ ನನ್ನ ಕಡೆಯೇ ನೋಡುತ್ತಿದ್ದಳು. ವ್ಯಾನಿನ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ಬಡಿದು, ಒಳಗೆ ಕೇಳುವಷ್ಟು ಗಟ್ಟಿಯಾಗಿ “ರೈಟ್!” ಎಂದೆ.